ಘಾಟಿನ ಹಂಗಾಮಿನ ಲೇಸರು

ಮತ್ತೆ ಇಳಿಯಿತು, ಎರಡು ಪಾಯಿಂಟ್ ನಾಲ್ಕು ಇದ್ದದ್ದು ಎರಡು ಪಾಯಿಂಟ್ ಮೂರಾಯಿತು, ಆ ಮೂರು ಒಮ್ಮೆ ಮಿಣುಕಿ ಎರಡಾಯಿತು, ಇನ್ನು ಇದು ನಿಲ್ಲುವುದಿಲ್ಲ — ಭುವನಾ ಮೀಟರಿನ ಮುಖವನ್ನೇ ನೋಡುತ್ತ ಕೂತಳು, ಬೈದರೆ ಕೇಳುವ ವಸ್ತುವಲ್ಲ, ಆದರೂ ಬೈದಳು, ಬೆಳಿಗ್ಗೆ ಚಾಲೂ ಮಾಡಿದಾಗ ಎರಡೂವರೆ ವ್ಯಾಟ್ ಬೆಳಕು ಕೊಟ್ಟು ಶಾಣ್ಯಾನ ಹಾಗೆ ಕೂತಿದ್ದ ಲೇಸರು ಅಪ್ಪನ ಎರಡನೇ ಚಹಾ ಮುಗಿಯುವ ಹೊತ್ತಿಗೆ ಹೀಗೆ ಮೋರೆ ಸಣ್ಣದು ಮಾಡುತ್ತದೆ, ದಿನಾ ಇದೇ ಹಾಡು, ಹಾವೇರಿಯ ಕಾಲೇಜಿನ ಲ್ಯಾಬಿನಲ್ಲಿ ಇದೇ ಡಬ್ಬಿ, ಇದೇ ಫೈಬರು, ಇದೇ ಮೀಟರು, ಬೆಳಗಿನಿಂದ ಸಂಜೆಯವರೆಗೆ ಕೂದಲೆಳೆಯಷ್ಟೂ ಅಲ್ಲಾಡಿರಲಿಲ್ಲ, ಪರೀಕ್ಷೆ ಬಂತು ಅಂತ ಲ್ಯಾಬಿನ ತುಂಬ ಬೆಂಚು ತಂದು ಹಾಕಿದರು, ಮೇಡಂ ನಿಮ್ಮ ಸಾಮಾನು ಸ್ವಲ್ಪ ದಿವ್ಸ ಎಲ್ಲ್ಯರ ಇಡ್ರಲ್ಲ ಅಂದರು, ಸಾಮಾನು, ನಾಲ್ಕು ವರ್ಷದ ಕೆಲಸಕ್ಕೆ ಸಾಮಾನು ಅನ್ನುವ ಹೆಸರು, ತೊಡೆಯ ಮೇಲೆ ಇಟ್ಟುಕೊಂಡು ಕಾರಿನಲ್ಲಿ ಬ್ಯಾಡಗಿಗೆ ತಂದಳು, ಅಪ್ಪನ ದಲಾಲಿ ಅಂಗಡಿಯಾಗಿದ್ದ ಈ ಮುಂದಿನ ಕೋಣೆಗೆ, ಗಾದಿ ತೆಗೆದು ಟೇಬಲ್ಲು ಹಾಕಿದ್ದಾಯಿತು, ಊರಲ್ಲಿ ಮೆಣಸಿನಕಾಯಿ ಹಂಗಾಮು, ಹೊರಗೆ ಹೋದರೆ ಮೂಗು ಕಣ್ಣು ಉರಿ, ಒಳಗೆ ಕೂತರೆ ಹೊಟ್ಟೆ ಉರಿ. ಎರಡು ಪಾಯಿಂಟ್ ಒಂದು. ಅಂಕಿಯ ಮೇಲೆ ಬೆರಳಿಟ್ಟು ಮುಚ್ಚಿದಳು, ಬೆರಳು ತೆಗೆದಾಗ ಎರಡು ಪಾಯಿಂಟ್ ಸೊನ್ನೆ ಇತ್ತು.

ಪ್ರವೀಣಕುಮಾರ ನಾಲ್ಕು ಗಂಟೆಗೆ ಬರುತ್ತಾನೆ, ರಾಣೇಬೆನ್ನೂರಿನಿಂದ, ಗಾಳಿ ಅಳೆಯುವ ಕಂಪನಿಯವನು, ಮೋಟೆಬೆನ್ನೂರಿನ ಆಚೆಯ ಗುಡ್ಡದ ಮೇಲೆ ಅವನ ಯಂತ್ರ ಕೂತಿದೆ, ಅದು ಗಾಳಿಗೆ ಬೆಳಕು ಬಿಡುತ್ತದೆ, ಗಾಳಿಯಲ್ಲಿ ಹಾರುವ ಧೂಳಿಗೆ ತಾಗಿ ಒಂದಿಷ್ಟು ಬೆಳಕು ತಿರುಗಿ ಬರುತ್ತದೆ, ಹೋದ ಬಣ್ಣಕ್ಕೂ ಬಂದ ಬಣ್ಣಕ್ಕೂ ಎಷ್ಟು ಫರಕು ಎಂದು ನೋಡಿದರೆ ಗಾಳಿಯ ವೇಗ ಸಿಕ್ಕಿತು, ಆದರೆ ಆ ಫರಕು ಎಷ್ಟು ಸಣ್ಣದೆಂದರೆ ಹೋಗುವ ಬೆಳಕು ಒಂದೇ ಒಂದು ಬಣ್ಣದ್ದಿರಬೇಕು, ತೆಳ್ಳಗೆ, ಗೆರೆ ಎಳೆದ ಹಾಗೆ, ಅಂಥ ಬೆಳಕನ್ನು ಮಾಡುವುದು ಕಷ್ಟವಲ್ಲ, ಕಡಿಮೆ ಕರೆಂಟಿನಲ್ಲಿ ಮಾಡುವುದು ಕಷ್ಟ, ಗುಡ್ಡದ ಮೇಲೆ ಕರೆಂಟಿನ ಕಂಬ ಇಲ್ಲ, ಇರುವುದು ಸೋಲಾರ್ ಹಲಗೆ ಮತ್ತು ಬ್ಯಾಟರಿ, ಈಗಿನ ಲೇಸರು ತಿನ್ನುವ ತಿನ್ನಾಟಕ್ಕೆ ಬ್ಯಾಟರಿ ನಸುಕಿನೊಳಗೆ ಕಾಲು ಚಾಚುತ್ತದೆ, ಗಾಳಿ ಜೋರು ಬೀಸುವುದೇ ನಸುಕಿನಲ್ಲಿ. ಇಪ್ಪತ್ತು ವ್ಯಾಟ್ ತಿಂದು ಎರಡೂವರೆ ಕೊಡ್ತೇನಿ ಅಂದಿದ್ದಳು ಭುವನಾ, ಎದೆ ಉಬ್ಬಿಸಿ, ಅವನು ಕೈಕಟ್ಟಿ ನಿಂತು, ಮೇಡಂ, ನನಗ ನಿಮ್ಮ ಮ್ಯಾಲ ನಂಬಿಕಿ ಐತ್ರಿ, ಆದ್ರ ಗುಡ್ಡದ ಮ್ಯಾಲಿನ ಬ್ಯಾಟರಿಗೆ ನಂಬಿಕಿ ಗಿಂಬಿಕಿ ತಿಳಿಯೂದಿಲ್ಲ, ನನ್ನ ಕಣ್ಣ ಮುಂದ ಒಂದ ತಾಸು ನಿಲ್ಲಿಸಿ ತೋರಸ್ರಿ, ಇಲ್ಲಂದ್ರ ಹೊರದೇಶದ್ದ ತರಿಸ್ತೇವಿ ಅಂದ, ಹುಡುಗ ನಯವಾಗೇ ಮಾತಾಡಿದ, ನಯವಾಗಿ ಆಡಿದ್ದಕ್ಕೇ ಅದು ಇನ್ನೂ ಚುಚ್ಚಿತು, ಹೊರದೇಶದ್ದು ಬಂದರೆ ಇದು ಕಪಾಟಿಗೆ, ಕಪಾಟಿನೊಳಗೆ ಹೋದದ್ದು ಯಾವತ್ತೂ ಹೊರಗೆ ಬಂದದ್ದನ್ನು ಅವಳು ನೋಡಿಲ್ಲ. ಹೊಟ್ಟೆಕಿಚ್ಚಿನವರು ಏನಂದಿದ್ದರು, ಹಾವೇರ್ಯಾಗ ಕುಂತ ಲೇಸರ್ ಮಾಡ್ತಾಳಂತ, ಟ್ಯೂಬ್‌ಲೈಟ್ ಹಚ್ಚಾಕ ಬರ್ತೈತೇನ ಕೇಳ್ರಿ, ಸ್ಟಾಫ್ ರೂಮಿನಲ್ಲಿ ನಕ್ಕಿದ್ದರು, ಅವಳೂ ನಕ್ಕಿದ್ದಳು, ಈಗ ಆ ನಗು ನೆನೆಸಿಕೊಂಡರೆ ಹಲ್ಲು ನೋಯುತ್ತದೆ.

ಮೊದಲು ಅನುಮಾನ ಬಂದದ್ದು ಹಳೇ ವೈರಿಯ ಮೇಲೆ — ಬೆಳಕಿನ ಬಣ್ಣ ತೆಳ್ಳಗಾದಷ್ಟೂ ಅದು ಫೈಬರಿನ ಗಾಜಿನ ಎಳೆಯೊಳಗೆ ಸದ್ದು ಎಬ್ಬಿಸುತ್ತದೆ, ಕಿವಿಗೆ ಕೇಳದ ಸದ್ದು, ಆ ಸದ್ದೇ ಬೆಳಕನ್ನು ಹಿಂದಕ್ಕೆ ನೂಕುತ್ತದೆ, ಮಾಡಿದ ಬೆಳಕೆಲ್ಲ ಬಂದ ದಾರಿಗೇ ವಾಪಸು, ಎರಡು ವರ್ಷ ಅದರ ಜೊತೆಗೇ ಜಗಳ ಆಡಿದ್ದಾಯಿತು, ಕೊನೆಗೆ ಫೈಬರನ್ನು ಉರುಳೆಗೆ ಸುತ್ತುವಾಗ ಶುರುವಿಗೆ ಬಿಗಿ, ಆಮೇಲೆ ಸ್ವಲ್ಪ ಸಡಿಲು, ಆಮೇಲೆ ಇನ್ನೂ ಸಡಿಲು, ಹೀಗೆ ಎಳೆದು ಸುತ್ತಿದಳು, ಬಿಗಿ ಬದಲಾದ ಹಾಗೆ ಸದ್ದಿನ ಶ್ರುತಿಯೂ ಬದಲಾಗಿ ಒಂದಕ್ಕೊಂದು ಸೇರದೆ ಚದುರಿ ಹೋಯಿತು, ಬೆಳಕು ಮುಂದಕ್ಕೆ ಹೋಯಿತು, ಅವತ್ತು ಲ್ಯಾಬಿನಲ್ಲಿ ಒಬ್ಬಳೇ ಕೂತು ಅತ್ತಳು, ಕುಣಿಯಬೇಕಿತ್ತು, ಅಳು ಬಂತು. ಈಗ ಹಿಂದಕ್ಕೆ ಬರುವ ಬೆಳಕನ್ನು ಅಳೆದು ನೋಡಿದಳು, ಅದು ಹೆಚ್ಚಿಲ್ಲ, ಕಡಿಮೆಯೇ ಆಗಿದೆ, ಅಂದರೆ ಕಳ್ಳ ಅಲ್ಲಿಲ್ಲ, ಹಾಗಾದರೆ ಜೋಡಣೆ, ಎರಡು ಎಳೆಗಳನ್ನು ಕರಗಿಸಿ ಕೂಡಿಸಿದ ಜಾಗ, ಅದನ್ನು ಮಾಡಿದವನು ಲ್ಯಾಬಿನ ಹನುಮೇಶ, ಫೋನ್ ಹಚ್ಚಿದಳು, ಹನುಮೇಶ, ನಿನ್ನ ಜಾಯಿಂಟ್ ಕೈ ಕೊಟ್ಟಂಗ ಕಾಣ್ತೈತಿ. ಇಲ್ರಿ ಮೇಡಂ, ಕಾರಿನ್ಯಾಗ ಒಯ್ದು ಬಿಸಲಾಗ ಇಟ್ರೂ ನನ್ನ ಜಾಯಿಂಟ್ ಬಿಡೂದಿಲ್ಲ ಅಂದ. ಹಂಗಾದ್ರ ಬೆಳಕ ಎಲ್ಲಿ ಹೋಗಾಕತ್ತೈತಿ ಹೇಳು. ನನಗೇನ ಗೊತ್ರಿ, ಓಲ್ಟೇಜ್ ನೋಡೀರೇನ್ರಿ, ಪ್ಯಾಟಿ ಹೊತ್ತಿನ್ಯಾಗ ಬ್ಯಾಡಗ್ಯಾಗ ಓಲ್ಟೇಜ್ ಕುಣೀತಿರತೈತಿ. ನೋಡೇನೋ ಮಾರಾಯಾ, ಬ್ಯಾಟರಿ ಮ್ಯಾಲ ನಡಸಾಕತ್ತೇನಿ. ಹನುಮೇಶ ಮೆಲ್ಲಗೆ, ನನ್ನ ಮ್ಯಾಲ ಸಿಟ್ಟ ಮಾಡ್ಕೋಬ್ಯಾಡ್ರಿ ಮೇಡಂ ಅಂದ, ಸಿಟ್ಟ ಮಾಡಿಲ್ಲ ಅಂತ ಸಿಟ್ಟಿನಿಂದಲೇ ಹೇಳಿ ಫೋನ್ ಇಟ್ಟಳು. ಪಾಪದ ಹುಡುಗ, ಆದರೆ ಪಾಪ ಅಂದರೆ ಮೀಟರು ಏರುವುದಿಲ್ಲ.

ಬಕೆಟಿನ ಹಿಡಿಕೆಯ ಸದ್ದು, ಬಂದರು, ಅಪ್ಪ ಪರಮೇಶಪ್ಪ, ಒಂದು ಕೈಯಲ್ಲಿ ನೀರಿನ ಬಕೆಟ್ಟು, ಇನ್ನೊಂದರಲ್ಲಿ ಸ್ಟೀಲಿನ ತಂಬಿಗೆ, ಬಾಗಿಲಲ್ಲಿ ನಿಂತು ಮೊದಲು ಕೆಮ್ಮು, ಆಮೇಲೆ ಮಾತು, ಯವ್ವಾ, ಸ್ವಲ್ಪ ಸರಿ, ತಟ್ಟ ಒಣಗ್ಯಾವು, ನೀರ ಹಾಕತೇನಿ. ಅಪ್ಪಾ, ಆಮ್ಯಾಲ ಹಾಕೀಯಂತ ಬಿಡು, ನಾ ಕೆಲಸದಾಗ ಅದೇನಿ. ನೀ ನಿನ್ನ ಕೆಲಸ ಮಾಡು, ನಾ ನಂದ ಮಾಡತೇನಿ, ಇದು ಬ್ಯಾಡಗಿ ಧೂಳು, ಮನಶ್ಯಾರನ್ನ ಬಿಡೂದಿಲ್ಲ, ನಿನ್ನ ಗಾಜಿನ ಮಷೀನ ಬಿಡತೈತೇನು. ಭುವನಾ ಕುರ್ಚಿ ಕಿರ್ರೆಂದು ಸರಿಸಿದಳು, ಆ ಕಿರ್ರಿನಲ್ಲಿ ಎಲ್ಲ ಹೇಳಿದ ಹಾಗಾಯಿತು, ಅಪ್ಪ ಕಿಟಕಿಗೆ ಕಟ್ಟಿದ ಗೋಣಿತಟ್ಟಿನ ಮೇಲೆ ತಂಬಿಗೆಯಿಂದ ನೀರು ಸುರಿದರು, ಮೇಲಿನಿಂದ ಕೆಳಕ್ಕೆ ಒಂದು ಎಳೆಯೂ ಒಣಗುಳಿಯದ ಹಾಗೆ, ದಲಾಲಿ ಅಂಗಡಿಯಲ್ಲಿ ಮುದುಕರಾದ ಮನುಷ್ಯ, ಲಿಲಾವಿನ ಸವಾಲು ಕೂಗಿ ಕೂಗಿ ಕೊರಳು ಹೋಯಿತು, ಘಾಟು ಕುಡಿದು ಪುಪ್ಪುಸ ಹೋಯಿತು, ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿಯುತ್ತಾರೆ, ಈ ಸಲ ಕೆಮ್ಮು ಹೆಚ್ಚೇ ಆಗಿದೆ, ಹಿಂದಿನ ವರ್ಷ ಇಷ್ಟಿರಲಿಲ್ಲ, ಈ ಪ್ರವೀಣಕುಮಾರನದು ಮುಗಿಯಲಿ, ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಬೇಕು, ಮುಗಿಯಲಿ, ಮೊದಲು ಇದು ಮುಗಿಯಲಿ. ತಟ್ಟಿನಿಂದ ನೀರು ನೆಲಕ್ಕೆ ತಟ್ ತಟ್ ಎಂದು ಬೀಳುತ್ತಿತ್ತು, ಹುಟ್ಟಿದಾಗಿನಿಂದ ಕೇಳಿದ ಸದ್ದು, ಹಂಗಾಮು ಬಂತೆಂದರೆ ಓಣಿಯ ಎಲ್ಲ ಕಿಟಕಿಗಳಿಗೂ ಹಸಿ ತಟ್ಟು, ಅದರ ಕೆಳಗೇ ಕೂತು ಮಗ್ಗಿ ಬಾಯಿಪಾಠ ಮಾಡಿದ್ದಾಳೆ, ಅದರ ಕೆಳಗೇ ನಿದ್ದೆ ಮಾಡಿದ್ದಾಳೆ, ಅದಕ್ಕೇ ಅದು ಕಿವಿಗೂ ಬೀಳಲಿಲ್ಲ, ಕಣ್ಣಿಗೂ ಬೀಳಲಿಲ್ಲ. ಅಪ್ಪ ಬಾಗಿಲು ಸದ್ದಾಗದ ಹಾಗೆ ಎಳೆದುಕೊಂಡು ಹೋದರು.

ಒಂದು ಪಾಯಿಂಟ್ ಎಂಟು. ಸರಿ, ಇನ್ನಷ್ಟು ತಂಪು ಮಾಡೋಣ, ಫೈಬರಿಗೆ ಬೆಳಕು ಉಣಿಸುವ ಡಯೋಡು ತಂಪಾದಷ್ಟೂ ಕಡಿಮೆ ಕರೆಂಟಿಗೆ ಹೆಚ್ಚು ಬೆಳಕು ಕೊಡುತ್ತದೆ, ತಂಪು ಮಾಡಲು ತಿನ್ನುವ ಕರೆಂಟು ಕಳೆದರೂ ಲಾಭವೇ, ಇದು ಅವಳದೇ ಲೆಕ್ಕ, ಡಯೋಡನ್ನೂ ಅದರ ಮುಂದಿನ ಕಡಲೆಕಾಳಿನಷ್ಟು ಮಸೂರವನ್ನೂ ಒಂದೇ ತಣ್ಣನೆಯ ತಗಡಿನ ಮೇಲೆ ಕೂರಿಸಿದ್ದು ಅವಳದೇ ಬುದ್ಧಿ, ಹದಿನಾರು ಡಿಗ್ರಿ ಇದ್ದದ್ದನ್ನು ಹದಿನಾಲ್ಕಕ್ಕೆ ಇಳಿಸಿದಳು, ಏರಬೇಕು, ಏರಲೇಬೇಕು, ಏರಲಿಲ್ಲ, ಒಂದು ಪಾಯಿಂಟ್ ಏಳು, ಹದಿಮೂರಕ್ಕೆ ಇಳಿಸಿದಳು, ಒಂದು ಪಾಯಿಂಟ್ ಐದು, ಅರೇ, ತಂಪು ಮಾಡಿದಷ್ಟೂ ಕೆಡುತ್ತಿದೆ, ಇದ್ಯಾವ ನ್ಯಾಯ, ಓದಿದ ಫಿಸಿಕ್ಸ್ ಎಲ್ಲ ತಲೆಕೆಳಗಾಯಿತೇ — ಇದುವರೆಗೆ ಎಷ್ಟು ಸಲ ಡಬ್ಬಿ ತೆರೆದು ನೋಡಿಲ್ಲ, ತೆರೆಯುವ ಮೊದಲು ಎಲ್ಲ ಆರಿಸಬೇಕು, ಬೆಳಕು ಆರಿಸಬೇಕು, ತಂಪು ಆರಿಸಬೇಕು, ಕೈ ಒರೆಸಿಕೊಂಡು ಸ್ವಲ್ಪ ಹೊತ್ತು ಕಾಯಬೇಕು, ಅದು ಅವಳೇ ಗೋಡೆಗೆ ಅಂಟಿಸಿದ ನಿಯಮ, ಹಾಗೇ ಮಾಡುತ್ತಿದ್ದಳು, ಪ್ರತಿ ಸಲವೂ ಒಳಗೆ ಎಲ್ಲ ಸ್ವಚ್ಛ, ಎಲ್ಲ ಒಣಗಿ ಹೊಳೆಯುತ್ತಿತ್ತು, ಮುಚ್ಚಿ ಚಾಲೂ ಮಾಡಿದರೆ ಮತ್ತೆ ಇಳಿತ. ಈ ಸಲ ತಲೆ ಕೆಟ್ಟಿತು, ನಿಯಮದ ಮನೆ ಹಾಳಾಗಲಿ, ಬೆಳಕನ್ನಷ್ಟೇ ಆರಿಸಿ, ತಂಪು ಹಾಗೇ ನಡೆಯುತ್ತಿರುವಾಗಲೇ ಮುಚ್ಚಳ ಕಿತ್ತಳು, ಮೊಬೈಲಿನ ಟಾರ್ಚು ಹಿಡಿದು ಬಗ್ಗಿದಳು. ಮಸೂರ ಮಬ್ಬಾಗಿತ್ತು. ಕನ್ನಡಕಕ್ಕೆ ಬಿಸಿ ಚಹಾದ ಹಬೆ ತಾಗಿದ ಹಾಗೆ, ಸುತ್ತಲಿನ ತಗಡಿನ ಮೇಲೆ ಸಾಸಿವೆಗಿಂತ ಸಣ್ಣ ಹನಿಗಳು ಒತ್ತೊತ್ತಾಗಿ ಕೂತಿದ್ದವು.

ನೀರು, ಎಲ್ಲಿಯ ನೀರು, ತುಟಿ ಒಡೆಯುವ ಈ ಬಿಸಿಲಲ್ಲಿ, ಹಪ್ಪಳ ಹಾಕಿದರೆ ಮಧ್ಯಾಹ್ನದೊಳಗೆ ಕಟಕಟ ಅನ್ನುವ ಹವೆಯಲ್ಲಿ ಇಬ್ಬನಿ ಎಲ್ಲಿಂದ ಬರಬೇಕು, ಹಾವೇರಿಯಲ್ಲಿ ಇದೇ ಹದಿನಾರು ಡಿಗ್ರಿಗೆ ಒಂದು ಹನಿ ಕೂತಿರಲಿಲ್ಲ — ತಟ್, ಎಂದಿತು ಬೆನ್ನ ಹಿಂದೆ. ತಟ್. ಅವಳು ತಿರುಗಿ ನೋಡಲಿಲ್ಲ, ಮೊದಲು ಮುಖಕ್ಕೆ ಬಿಸಿ ಏರಿತು, ಹತ್ತನೇ ಇಯತ್ತೆಯ ಮಕ್ಕಳಿಗೆ ಗೊತ್ತಿರುವ ಸಂಗತಿ, ತಣ್ಣನೆಯ ಲೋಟದ ಹೊರಗೆ ನೀರು ಯಾಕೆ ಕೂಡುತ್ತದೆ, ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸಿದ್ದಾಳೆ, ಕಿಟಕಿ ತುಂಬ ಹಸಿ ತಟ್ಟು, ಒಂದಲ್ಲ, ಎರಡು ಪದರ, ತಾಸಿಗೊಮ್ಮೆ ಬಕೆಟ್ ನೀರು, ಕೋಣೆಯ ಹವೆಯೆಲ್ಲ ತೇವ, ಆ ತೇವ ಹೋಗಿ ಕೂರುವುದು ಮನೆಯಲ್ಲಿ ಅತಿ ತಣ್ಣಗಿರುವ ಜಾಗದ ಮೇಲೆ, ಆ ಜಾಗ ಅವಳ ಮಸೂರ, ಬೆಳಿಗ್ಗೆ ಒಣಗಿರುತ್ತದೆ, ಲೇಸರು ನಗುತ್ತದೆ, ಅಪ್ಪ ನೀರು ಹಾಕುತ್ತಾರೆ, ಲೇಸರು ಅಳುತ್ತದೆ, ಮುಚ್ಚಳ ತೆಗೆಯುವ ಹೊತ್ತಿಗೆ ತಗಡು ಬೆಚ್ಚಗಾಗಿ ಎಲ್ಲ ಆರಿರುತ್ತದೆ, ಹೊರಗಿನಿಂದ ಬಂದ ಯಾರಿಗಾದರೂ ಮೊದಲ ದಿನವೇ ಕಾಣುತ್ತಿತ್ತು, ಮೇಡಂ ಇದೇನ್ರಿ ಕಿಡಕಿಗೆ ಅಂತ ಕೇಳುತ್ತಿದ್ದರು, ಅವಳಿಗೆ ಕಾಣಲಿಲ್ಲ, ಬ್ಯಾಡಗಿಯವಳಿಗೆ ಕಾಣಲಿಲ್ಲ, ಹನುಮೇಶನನ್ನು ಬೈದಳು, ಓಲ್ಟೇಜನ್ನು ಬೈದಳು, ಗಾಜಿನೊಳಗಿನ ಸದ್ದನ್ನು ಬೈದಳು. ಎದ್ದು ಹೋಗಿ ತಟ್ಟನ್ನು ಎಳೆದಳು, ಮೊಳೆಯಿಂದ ಬಿಚ್ಚುವ ತಾಳ್ಮೆಯೂ ಇರಲಿಲ್ಲ, ಎರಡೂ ಒಟ್ಟಿಗೆ ಕಿತ್ತು ಬಂದವು, ಒಳಗೆ ಬಿಸಿಲು ನುಗ್ಗಿತು, ಅದರ ಹಿಂದೆಯೇ ಘಾಟು, ಸೀನು, ಇನ್ನೊಂದು ಸೀನು, ಕಣ್ಣಲ್ಲಿ ನೀರು, ಮೂಗು ಒರೆಸುತ್ತಲೇ ತಂಪನ್ನು ಹದಿನಾರಕ್ಕೆ ಏರಿಸಿ, ಮಸೂರ ಒಣಗಿಸಿ, ಬಿಗಿಯಾಗಿ ಮುಚ್ಚಿ, ಫ್ಯಾನು ಹಾಕಿ ಚಾಲೂ ಮಾಡಿದಳು. ಎರಡು ಪಾಯಿಂಟ್ ಐದು. ಕಾದಳು. ಎರಡು ಪಾಯಿಂಟ್ ಐದು. ಅಡಿಗೆ ಮನೆಯಲ್ಲಿ ಅವ್ವ ರೊಟ್ಟಿ ಬಡಿದು ಮುಗಿಸಿ ಹಂಚು ಇಳಿಸಿದ ಸದ್ದಾಯಿತು, ಮೀಟರು ಇನ್ನೂ ಅದನ್ನೇ ತೋರಿಸುತ್ತಿತ್ತು.

ಖುಷಿ ಬರಬೇಕಿತ್ತು, ಬಂತು, ಆದರೆ ಅದರ ಕೊರಳಪಟ್ಟಿ ಹಿಡಿದುಕೊಂಡೇ ಸಿಟ್ಟೂ ಬಂತು, ಇಷ್ಟಕ್ಕೆ, ಇಷ್ಟಕ್ಕೆ ಇಷ್ಟು ದಿನ — ಈ ತಟ್ಟುಗಳನ್ನು ಇಲ್ಲಿಂದ ಮೊದಲು ಸಾಗಿಸಬೇಕು, ಅಪ್ಪನ ಕೋಣೆಯ ಕಿಟಕಿಗೇ ಇನ್ನೆರಡು ಪದರ ಹಾಕಿದರೆ ಅವರಿಗಾದರೂ ಆರಾಮ, ಎರಡನ್ನೂ ಎದೆಗೆ ಅವಚಿಕೊಂಡು ಪಡಸಾಲೆ ದಾಟಿದಳು, ಕುರ್ತಾ ತೊಯ್ದು ಹೋಯಿತು, ಅಪ್ಪ ಕೋಣೆಯಲ್ಲಿರಲಿಲ್ಲ, ಹಿತ್ತಲಲ್ಲಿ ಮತ್ತೆ ಬಕೆಟ್ ತುಂಬಿಸುವ ಸದ್ದು, ಕಿಟಕಿ ಬತ್ತಲೆ ನಿಂತಿತ್ತು. ತಟ್ಟಿಲ್ಲ. ಚೌಕಟ್ಟಿನ ಎಡಕ್ಕೊಂದು ಬಲಕ್ಕೊಂದು ಮೊಳೆ, ವರ್ಷಗಟ್ಟಲೆ ಹಸಿ ತಟ್ಟು ಹೊತ್ತು ತುಕ್ಕು ಹಿಡಿದವು, ಕೆಳಗೆ ಸುಣ್ಣದ ಮೇಲೆ ಕಂದು ಗೆರೆ ಇಳಿದಿದೆ, ಹಾಸಿಗೆಯ ಮೇಲೆ, ದಿಂಬಿನ ಮೇಲೆ ಸಣ್ಣ ಕೆಂಪು ಧೂಳು, ಬೆರಳಿಂದ ಸವರಿದರೆ ಬೆರಳು ಉರಿಯಿತು. ಅವ್ವಾ, ಅಪ್ಪನ ಕಿಡಕಿ ತಟ್ಟ ಎಲ್ಲಿ ಹೋದುವು. ಮಂಗಳವ್ವ ಬಾಗಿಲಿಗೆ ಬಂದು ಸೆರಗಿನಲ್ಲಿ ಕೈ ಒರೆಸಿಕೊಂಡಳು, ನಿನ್ನ ಕೈಯಾಗ ಅದಾವಲ್ಲ ಅವ, ನೀ ಬಂದ ದಿನಾನ ಬಿಚ್ಚಿಕೊಂಡ ಹ್ವಾದ್ರು, ಮೆಣಸಿನಕಾಯಿ ಚೀಲದ್ದ ತಟ್ಟ ಮೊದಲ ಬ್ಯಾಡ, ಘಾಟ ಇರತೈತಿ, ಹೊಸಾ ತಟ್ಟ ತರೋಣಂದ್ರ ನಾರ ಉದರತಾವು, ಮಗಳ ಮಷೀನಿಗೆ ಆಗೂದಿಲ್ಲ, ಇವು ತೊಳದ ತೊಳದ ಮೆತ್ತಗಾಗ್ಯಾವು, ಇವ ಬೇಕ ಅಂದ್ರು. ಮತ್ತ ತನಗ, ಅಂದಳು ಭುವನಾ. ತನಗ ಏನೂ ಬ್ಯಾಡಂತ, ನಾ ಘಾಟ ತಿಂದ ಬೆಳದಾಂವ, ಮಷೀನ ಹಂಗಲ್ಲ ಅಂತಾರ, ನನ್ನ ಮಾತ ಯಾವಾಗ ಕೇಳ್ಯಾರವ್ವ ಅವ್ರು. ಎರಡು ಮೊಳೆ. ತುಂಬಿದ ಬಕೆಟ್ಟಿನ ಸದ್ದಿನ ಜೊತೆಗೇ ಹಿತ್ತಲಿನಿಂದ ಕೆಮ್ಮು ಬಂತು, ಉದ್ದಕ್ಕೆ, ಮುಗಿಯಿತು ಎನ್ನುವಾಗ ಮತ್ತೆ, ಈ ಸಲ ಹೆಚ್ಚಾಗಿದೆ ಅಂದುಕೊಂಡಿದ್ದಳಲ್ಲ, ಯಾಕೆ ಹೆಚ್ಚಾಗಿದೆ ಅಂತ ಅಳೆಯಲಿಲ್ಲ, ಲೇಸರಿನದಾದರೆ ಅಳೆಯುತ್ತಿದ್ದಳು. ಹೊರಗೆ ಕಾರಿನ ಹಾರ್ನು. ಪ್ರವೀಣಕುಮಾರ, ನಾಲ್ಕು ಅಂದವನು ಮೊದಲೇ ಬಂದ, ತಟ್ಟುಗಳನ್ನು ಹೊತ್ತುಕೊಂಡೇ ಓಡಿ ಬಂದು ಮುಂದಿನ ಕೋಣೆಯ ಕುರ್ಚಿಯ ಮೇಲೆ ಒಗೆದಳು.

ಬರ್ರಿ, ಕುಂದರ್ರಿ ಅಂದಳು, ಅವನು ಕೂರಲಿಲ್ಲ, ಮೂಗಿಗೆ ಕರವಸ್ತ್ರ ಹಿಡಿದು ಮೀಟರಿನ ಎದುರು ನಿಂತ, ಬ್ಯಾಟರಿಯಿಂದ ಹೋಗುವ ಕರೆಂಟು ನೋಡಿದ, ಇಪ್ಪತ್ತು, ಬರುವ ಬೆಳಕು ನೋಡಿದ, ಎರಡು ಪಾಯಿಂಟ್ ಐದು, ಗಡಿಯಾರ ನೋಡಿದ, ತಿರುಗಿ ಮೀಟರು ನೋಡಿದ, ಅವ್ವ ಚಹಾ ತಂದಳು, ಚಹಾ ಆರಿತು, ಎರಡು ಪಾಯಿಂಟ್ ಐದು, ಒಂದು ತಾಸು ನಿಂತರೆ ಗುಡ್ಡಕ್ಕೆ, ಅದೇ ಮಾತು, ಅರ್ಧ ತಾಸಿನ ಮೇಲಾಯಿತು, ಅವನ ಮುಖದಲ್ಲಿ ನಗು ಶುರುವಾಗಿದೆ, ಅವಳಿಗೆ ಕಾಣುತ್ತಿರುವುದು ಎರಡು ಮೊಳೆ. ಖರೇ ಹೇಳ್ಲೇನ್ರಿ ಮೇಡಂ, ನಿನ್ನೆ ಫೋನಿನ್ಯಾಗ ನಿಮ್ಮ ದನಿ ಕೇಳಿ ಇದು ಆಗೂದಿಲ್ಲ ಅಂದ್ಕೊಂಡಿದ್ದೆ, ನಿಲ್ಲವಲ್ದು ಅಂದಿದ್ರಿ, ಏನ ಬದಲ ಮಾಡಿದ್ರಿ ಅಂದ. ಬಾಗಿಲಲ್ಲಿ ಕೆಮ್ಮು, ಆಮೇಲೆ ಮಾತು, ಎಲ್ಲಾ ಆಕಿದ ಬುದ್ಧಿರಿ, ನಾ ಬರೇ ಧೂಳ ಬಡೀಲಾರದಂಗ ನೋಡಿಕೊಂಡೇನಿ, ಅಷ್ಟ ನನ್ನ ಪಾಲು — ಅಪ್ಪ ಬಕೆಟ್ಟು ಇಳಿಸಿ ನಿಂತಿದ್ದರು, ಉಸಿರಿಗೆ ಎದೆ ಏರಿಳಿಯುತ್ತಿತ್ತು, ಆದರೂ ಮುಖದಲ್ಲಿ ಎಂಥ ಕಳೆ, ಸವಾಲಿನಲ್ಲಿ ಒಳ್ಳೆ ದರ ಹತ್ತಿದ ದಿನ ಇರುತ್ತಿತ್ತಲ್ಲ ಅಂಥದು, ಆಮೇಲೆ ಕಿಟಕಿ ನೋಡಿದರು, ಅರೇ, ತಟ್ಟ ಯಾರ ಬಿಚ್ಚಿದ್ರು, ಲಗೂ ಹಾಕಬೇಕು, ಪ್ಯಾಟಿ ಬಿಡೂ ಹೊತ್ತಾತು, ಈಗ ಭಾಳ ಹಾರತೈತಿ, ಕುರ್ಚಿಯ ಮೇಲಿನ ತಟ್ಟು ಎತ್ತಿಕೊಂಡರು, ಬಕೆಟ್ಟಿನಲ್ಲಿ ಅದ್ದಿದರು, ನೀರು ಸುರಿಯುತ್ತಿದ್ದ ಹಾಗೆಯೇ ಕಿಟಕಿಯ ಕಡೆ ಹೆಜ್ಜೆ ಹಾಕಿದರು, ತಡೆಯಬೇಕು, ಈಗಲೇ ಹೇಳಬೇಕು, ಹೇಳುವ ಮಾತೂ ಅವಳ ಹತ್ತಿರ ಇದೆ, ಸುಳ್ಳಲ್ಲದ ಮಾತು, ಮಳೆಗಾಲದಲ್ಲಿ ಗುಡ್ಡದ ಮೇಲೆ ಮಂಜು ಕೂತು ಇದೇ ಗತಿ ಆಗುತ್ತಿತ್ತು, ಅಪ್ಪ ನೀರು ಹಾಕಿದ್ದಕ್ಕೇ ಇಲ್ಲೇ ಗೊತ್ತಾಯಿತು, ಡಬ್ಬಿಗೆ ಗಾಳಿ ಹೋಗದ ಹಾಗೆ ಬಂದೋಬಸ್ತು ಮಾಡಿದರಾಯಿತು, ನಗುತ್ತ ಹೇಳಬಹುದು, ಪ್ರವೀಣಕುಮಾರನೂ ನಗುತ್ತಾನೆ, ಅಪ್ಪನೂ ನಗಬಹುದು, ಆಮೇಲೆ ಅಪ್ಪ ರಾತ್ರಿ ಆ ಹಾಸಿಗೆಗೆ ಹೋಗಿ ಮಲಗುತ್ತಾರೆ, ಮೇಲೆ ನೋಡುತ್ತಾರೆ, ತಾವು ಬಿಚ್ಚಿ ಕೊಟ್ಟದ್ದೇ ಮಷೀನನ್ನು ಕೆಡಿಸಿತು ಅಂತ — ಅಪ್ಪಾ, ಅಂದಳು. ಅವರು ತಟ್ಟು ಎತ್ತಿ ಹಿಡಿದೇ ತಿರುಗಿದರು, ಯಾಕವ್ವ, ಅಂದರು, ತೋಳಿನಿಂದ ನೀರು ಇಳಿಯುತ್ತಿತ್ತು. ಅಪ್ಪಾ, ಅದು — ಅಪ್ಪನ ಕಿಟಕಿಯ ಎಡಗಡೆಯ ಮೊಳೆ ಸ್ವಲ್ಪ ಬಾಗಿದೆ, ಬಲಗಡೆಯದರ ತಲೆ ಸವೆದು ಹೋಗಿದೆ — ಅದು ಏನಂದ್ರ — ಎರಡು ಮೊಳೆ, ಬೋಳು ಕಿಟಕಿ, ಎರಡು ಮೊಳೆ.